ರೇಸ್ ಟ್ರ್ಯಾಕಿಗೆ ಇಳಿಯುವ ಕಾರಿನ ಬ್ರೇಕು

ಬ್ರೇಕು ಕಾರಿನ ಚಲನಶಕ್ತಿಯನ್ನು ಶಾಖವಾಗಿ ಮಾರ್ಪಡಿಸುತ್ತದೆ. ವೇಗ ಇಮ್ಮಡಿಯಾದರೆ ಈ ಶಾಖ ನಾಲ್ಕು ಪಟ್ಟಾಗುತ್ತದೆ. ರಸ್ತೆಯಲ್ಲಿ ಅದು ಆರಲು ಬಿಡುವಿರುತ್ತದೆ; ರೇಸ್ ಟ್ರ್ಯಾಕಿನಲ್ಲಿ ತಿರುವಿನಿಂದ ತಿರುವಿಗೆ ಏರುತ್ತ ಹೋಗುತ್ತದೆ.

ಅತಿಯಾದ ಬಿಸಿಗೆ, ಚಕ್ರದ ಡಿಸ್ಕನ್ನು ಒತ್ತಿ ಹಿಡಿಯುವ ಸಾಮಾನ್ಯ ಪ್ಯಾಡ್‌ಗಳ ಹಿಡಿತ ಕುಂದುತ್ತದೆ. ಆಗ ಪೆಡಲ್ ಗಟ್ಟಿಯಾಗಿಯೇ ಇದ್ದರೂ ಕಾರಿನ ವೇಗ ತಗ್ಗದು. ಟ್ರ್ಯಾಕ್ ಪ್ಯಾಡ್‌ಗಳು ಹೆಚ್ಚಿನ ತಾಪದಲ್ಲೂ ಹಿಡಿತ ಉಳಿಸಿಕೊಳ್ಳುತ್ತವೆ. ಆದರೆ ಅವುಗಳಲ್ಲಿ ಹಲವು ತಣ್ಣಗಿದ್ದಾಗ ಸರಿಯಾಗಿ ಹಿಡಿಯವು, ಕಿರುಗುಟ್ಟುತ್ತವೆ, ಡಿಸ್ಕನ್ನೂ ಬೇಗ ಸವೆಸುತ್ತವೆ. ಹೊಸ ಪ್ಯಾಡನ್ನು ಹಂತಹಂತವಾಗಿ ಬಿಸಿಮಾಡಿ, ತಣಿಸಿ, ಡಿಸ್ಕಿಗೆ ಹೊಂದಿಸಿಕೊಳ್ಳಬೇಕು.

ಬಿಸಿಯೇರಿದಾಗ ಪೆಡಲ್ ಮೆತ್ತಗಾಗಿ ಕೆಳಗಿಳಿದರೆ ದೋಷ ಸಾಮಾನ್ಯವಾಗಿ ಬ್ರೇಕ್ ಆಯಿಲ್‌ನದು. ಅದು ಕುದ್ದಾಗ ಏಳುವ ಆವಿಯ ಗುಳ್ಳೆಗಳು ಕಾಲಿನ ಒತ್ತಡವನ್ನು ನುಂಗಿಬಿಡುತ್ತವೆ. ಡಾಟ್ 4 ದರ್ಜೆಯ ಆಯಿಲ್‌ನ ಕನಿಷ್ಠ ಕುದಿಬಿಂದು ಹೊಸದರಲ್ಲಿ 230 ಡಿಗ್ರಿ ಸೆಲ್ಸಿಯಸ್, ಗಾಳಿಯ ತೇವ ಹೀರಿದ ಮೇಲೆ 155. ಡಾಟ್ 5.1ಕ್ಕೆ ಇವು 260 ಮತ್ತು 180. ರೇಸಿಂಗ್‌ಗೆಂದೇ ತಯಾರಾದ ಕೆಲವು ಆಯಿಲ್‌ಗಳು 300 ಡಿಗ್ರಿಯನ್ನೂ ದಾಟುತ್ತವೆ. ಸಿಲಿಕೋನ್‌ನ ಡಾಟ್ 5 ಅನ್ನು ಇವುಗಳೊಂದಿಗೆ ಬೆರೆಸಬಾರದು. ಆಯಿಲ್ ಬದಲಿಸಿದಾಗ ನಾಲ್ಕೂ ಚಕ್ರಗಳ ಬ್ರೇಕಿನಿಂದ ಗಾಳಿ ತೆಗೆಯಬೇಕು.

ಕೊನೆಯ ಸುತ್ತನ್ನು ನಿಧಾನವಾಗಿ ಓಡಿಸಿ ಬ್ರೇಕು ಆರಿಸಬೇಕು; ಬಿಸಿಯಿರುವಾಗ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಬಾರದು.