ಬೆಕ್ಕನ್ನು ಕಟ್ಟುವ ಬಗೆ

ಈ ಬರಹದ ಬೆಕ್ಕು ಹಾಲು ಕುಡಿಯುವ ಬೆಕ್ಕಲ್ಲ. ಗಣಕಯಂತ್ರದ ಪರದೆಯ ಮೇಲೆ 121 ಬಿಂದುಗಳ ನಟ್ಟನಡುವೆ ಕುಳಿತಿರುವ ಕರಿಯ ಬೆಕ್ಕು. ಜಪಾನಿನ ಗೇಮ್‌ಡಿಸೈನ್ ಎಂಬ ಜಾಲತಾಣದಲ್ಲಿ ಹುಟ್ಟಿದ ಈ ಆಟಕ್ಕೆ ‘ಶಾ ನ್ವಾರ್’ ಎಂದು ಹೆಸರು. ಫ್ರೆಂಚ್ ಭಾಷೆಯಲ್ಲಿ ಹಾಗೆಂದರೆ ಕರಿಬೆಕ್ಕು ಎಂದೇ ಅರ್ಥ. ಇದನ್ನು ಬೇರೆ ಬೇರೆಯವರು ಮತ್ತೆ ಬರೆದ ರೂಪಗಳು ಈಗ ಮೊಬೈಲಿನಲ್ಲಿಯೂ ಸಿಗುತ್ತವೆ. ಮನಸ್ಸಿಗೆ ವಿಶ್ರಾಂತಿ ಕೊಡುವ ಆಟವೆಂದು ಇದನ್ನು ಹೊಗಳುವವರುಂಟು. ನನಗಂತೂ ಇದು ಹದಿನೈದು ದಿನ ನಿದ್ರೆಗೆಡಿಸಿತು.

ಆಟದ ನಿಯಮ ಬಹಳ ಸರಳ. ಹನ್ನೊಂದು ಸಾಲು, ಸಾಲಿಗೆ ಹನ್ನೊಂದು ಬಿಂದು. ಒಂದು ಸಾಲು ಬಿಟ್ಟು ಒಂದು ಸಾಲು ಅರ್ಧ ಬಿಂದುವಿನಷ್ಟು ಪಕ್ಕಕ್ಕೆ ಸರಿದಿರುವುದರಿಂದ ನಡುವಿನ ಪ್ರತಿ ಬಿಂದುವಿಗೂ ಆರು ನೆರೆಮನೆಗಳು. ನಾವು ಒಂದು ಸಲಕ್ಕೆ ಒಂದು ಬಿಂದುವನ್ನು ಮುಟ್ಟಿ ಕಪ್ಪಾಗಿಸಬಹುದು. ಅಲ್ಲೊಂದು ಕಲ್ಲು ಇಟ್ಟೆವೆಂದು ತಿಳಿಯಿರಿ. ಬಳಿಕ ಬೆಕ್ಕು ಒಂದು ಹೆಜ್ಜೆ ಇಡುತ್ತದೆ. ಕಲ್ಲಿನ ಮೇಲೆ ಕಾಲಿಡಲಾರದು. ಅಂಚು ಮುಟ್ಟಿದರೆ ಬೆಕ್ಕು ಗೆದ್ದಿತು, ಆರು ಕಡೆಯೂ ಅಲುಗಲಾರದೆ ನಿಂತರೆ ನಾವು ಗೆದ್ದೆವು. ಆಟದ ಆರಂಭಕ್ಕೆ ಅಲ್ಲಲ್ಲಿ ಕೆಲವು ಕಲ್ಲುಗಳು ಬಿದ್ದಿರುತ್ತವೆ, ಅಷ್ಟೇ ನಮಗೆ ಸಿಗುವ ದಾನ.

ಮೊದಲ ದಿನ ಸತತವಾಗಿ ಇಪ್ಪತ್ತು ಸಲ ಸೋತೆ. ಇಲ್ಲಿ ನನ್ನ ಪೂರ್ವಚರಿತ್ರೆಯನ್ನು ಕೊಂಚ ಹೇಳಬೇಕು. ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತದಲ್ಲಿ ನಪಾಸಾಗಿ, ಪೂರಕ ಪರೀಕ್ಷೆಯಲ್ಲಿ 37 ಅಂಕ ಪಡೆದು ದಡ ಸೇರಿದವನು ನಾನು. ‘ಸಾಕು, ಗಾರೆ ಕೆಲಸಕ್ಕೆ ಬಾ’ ಎಂದಿದ್ದರು ಅಪ್ಪ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಅದುವರೆಗೆ ಯಾರೂ ಇರಲಿಲ್ಲ. ನಾನು ಕಲಾ ವಿಭಾಗಕ್ಕೆ ಬಂದದ್ದು ಇತಿಹಾಸದ ಮೇಲಿನ ಪ್ರೀತಿಯಿಂದ ಎಂದು ಪ್ರವೇಶದ ದಿನ ಹೇಳಿದ್ದೆ. ನಿಜಸಂಗತಿ ಬೇರೆ, ಅಂಕಗಣಿತ ಇಲ್ಲದ ಊರು ಎಲ್ಲಿದೆಯೆಂದು ಹುಡುಕಿಕೊಂಡು ಬಂದಿದ್ದೆ. ಆದುದರಿಂದ ಆ ಬೆಕ್ಕು ನನ್ನನ್ನು ಸೋಲಿಸಿದಾಗ, ‘ಇವನ ತಲೆಗೆ ಇದು ಹತ್ತುವುದಿಲ್ಲ’ ಎಂಬ ಹಳೆಯ ಮಾತು ಮತ್ತೆ ಕಿವಿಯಲ್ಲಿ ಕೇಳಿಸಿತು.

ಎರಡನೆಯ ರಾತ್ರಿ ಮೊಬೈಲನ್ನು ಅವ್ವನ ಮುಂದೆ ಹಿಡಿದೆ. ಅವ್ವನಿಗೆ ಓದು ಬರದು. ಆದರೆ ಆಡು ಹುಲಿ ಆಟದಲ್ಲಿ ನಮ್ಮ ಬೀದಿಯಲ್ಲಿ ಅವಳನ್ನು ಮೀರಿಸುವವರಿಲ್ಲ. ಮೂರು ಹುಲಿ, ಹದಿನೈದು ಆಡು, ಗೆರೆಗಳು ಕೂಡುವ ಇಪ್ಪತ್ತಮೂರು ಮನೆ. ಹುಲಿಗಳಿಗೆ ಮಿಸುಕಾಡಲು ದಾರಿಯಿಲ್ಲದಂತೆ ಆಡುಗಳು ಮುತ್ತಬೇಕು. ಅದೇ ಅಭ್ಯಾಸದಿಂದ ಅವಳೂ ನನ್ನಂತೆಯೇ ಬೆಕ್ಕಿನ ಮೂಗಿನ ಮುಂದೆ ಕಲ್ಲಿಟ್ಟಳು, ಅದು ಪಕ್ಕಕ್ಕೆ ಜರುಗಿತು. ಅಲ್ಲಿಟ್ಟಳು, ಇತ್ತ ಜರುಗಿತು. ನಾಲ್ಕು ಸಲ ಸೋತು ಮೊಬೈಲನ್ನು ನನ್ನ ಕೈಗೆ ತುರುಕಿ, ‘ಹಟ್ಟಿಗೆ ಬೇಲೀನೇ ಇಲ್ಲ, ಇದೆಂಥ ಆಟ್ಲಾ!’ ಎಂದು ಎದ್ದುಹೋದಳು.

ಅವಳು ಬೇಸರದಿಂದ ಆಡಿದ ಆ ಮಾತೇ ನನಗೆ ದಾರಿ ತೋರಿಸಿತು. ಆಡು ಹುಲಿಯ ಮನೆಗಳಿಗೆ ಹೊರದಾರಿಯಿಲ್ಲ. ಹುಲಿ ಎಲ್ಲಿ ಓಡಿದರೂ ಆ ಇಪ್ಪತ್ತಮೂರರೊಳಗೇ ಇರಬೇಕು. ನಾವು ಸಾವಕಾಶವಾಗಿ ಹತ್ತಿರ ಬರಬಹುದು. ಬೆಕ್ಕಿನ ಆಟದಲ್ಲಾದರೋ ನಾಲ್ಕು ಕಡೆಯೂ ಬಯಲು. ಅಂಚಿನ ಬಿಂದುಗಳೇ ನಲವತ್ತು. ನಡುವಿನಿಂದ ಅಂಚಿಗೆ ಐದೇ ಹೆಜ್ಜೆ. ಆದಕಾರಣ ಇಲ್ಲಿ ಮೊದಲು ಬೇಲಿ, ಆಮೇಲೆ ಹಿಡಿಯುವುದು.

ಬೆಕ್ಕು ಯೋಚಿಸುವ ರೀತಿಯನ್ನೂ ತಿಳಿಯಬೇಕು. ಸಾಮಾನ್ಯವಾಗಿ ಇಂಥ ಆಟಗಳಲ್ಲಿ ಯಂತ್ರವು ಅಂಚಿನ ತೆರೆದ ಬಿಂದುಗಳಿಗೆಲ್ಲ ಸೊನ್ನೆ ಎಂದು ಬರೆದುಕೊಳ್ಳುತ್ತದೆ. ಅವುಗಳ ನೆರೆಯ ಬಿಂದುಗಳಿಗೆ ಒಂದು, ಅದರ ಒಳಗಿನವುಗಳಿಗೆ ಎರಡು. ಕೆರೆಯ ದಂಡೆಯಿಂದ ಅಲೆಗಳು ನಡುವಿಗೆ ಬಂದಂತೆ ಅಂಕಿಗಳು ಒಳಕ್ಕೆ ಬರುತ್ತವೆ. ಕಲ್ಲಿದ್ದಲ್ಲಿ ಅಲೆ ಸುತ್ತಿಕೊಂಡು ಬರಬೇಕು. ಬೆಕ್ಕು ತನ್ನ ಸುತ್ತಲಿನ ಆರರಲ್ಲಿ ಚಿಕ್ಕ ಅಂಕಿಯಿರುವ ಕಡೆಗೆ ಕಾಲಿಡುತ್ತದೆ. ನಾವು ಕಲ್ಲಿಟ್ಟೊಡನೆ ಅಂಕಿಗಳೆಲ್ಲ ಹೊಸದಾಗಿ ಬರೆಯಲ್ಪಡುತ್ತವೆ. ಬೆಕ್ಕಿಗೆ ಹಟವಿಲ್ಲ, ಭಯವೂ ಇಲ್ಲ.

ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಚುಕ್ಕೆ ಹಾಕಿ ನೋಡುತ್ತ ಹೋದಂತೆ ಒಂದು ಸಂಗತಿ ಸ್ಪಷ್ಟವಾಯಿತು. ಬೆಕ್ಕು ಮೇಲಿನಿಂದ ಎರಡನೆಯ ಸಾಲಿಗೆ ಬಂದುಬಿಟ್ಟರೆ ಅದರ ತಲೆಯ ಮೇಲೆ ಅಂಚಿನ ಬಿಂದುಗಳೆರಡು. ಎರಡೂ ತೆರೆದಿದ್ದರೆ ಒಂದು ಕಲ್ಲಿನಿಂದ ಎರಡು ಬಾಗಿಲು ಮುಚ್ಚಲಾಗದು; ಆಟ ಮುಗಿಯಿತು. ಹಾಗಾದರೆ ಅದು ಮೂರನೆಯ ಸಾಲಿನಲ್ಲಿರುವಾಗಲೇ ಎಚ್ಚರವಾಗಬೇಕು. ಅಲ್ಲಿಂದ ಅದು ಎರಡನೆಯ ಸಾಲಿನ ಎರಡು ಬಿಂದುಗಳಿಗೆ ಏರಬಹುದು. ಆ ಎರಡಕ್ಕೂ ಸೇರಿ ಅಂಚಿನಲ್ಲಿ ಮೂರು ಬಿಂದು. ಕ, ಖ, ಗ ಎನ್ನೋಣ. ನಡುವಿನ ಖ ಎರಡಕ್ಕೂ ಸಾಮಾನ್ಯವಾದದ್ದು. ಖದಲ್ಲಿ ಕಲ್ಲಿಟ್ಟರೆ, ಬೆಕ್ಕು ಎಡಕ್ಕೆ ಏರಿದಾಗ ಕ ಒಂದೇ ಉಳಿಯುತ್ತದೆ, ಬಲಕ್ಕೆ ಏರಿದಾಗ ಗ ಒಂದೇ. ಮುಚ್ಚಿದೆವು. ಬೆಕ್ಕು ಅಂಚಿನುದ್ದಕ್ಕೂ ಪಕ್ಕಕ್ಕೆ ಓಡಿದರೆ ಪ್ರತಿ ಹೆಜ್ಜೆಗೂ ಒಂದೇ ಹೊಸ ಬಾಗಿಲು, ನಮಗೂ ಒಂದೇ ಕಲ್ಲು. ಹೀಗೆ ಗೋಡೆ ಬೆಳೆಯುತ್ತ ಹೋಗುತ್ತದೆ.

ಇದನ್ನು ಬರೆದುಕೊಂಡು, ನಮ್ಮ ಕಾಲೇಜಿನಲ್ಲಿ ಗಣಿತ ವಿಭಾಗವಿಲ್ಲದ್ದರಿಂದ, ಅರ್ಥಶಾಸ್ತ್ರದ ಮೇಷ್ಟ್ರ ಬಳಿಗೆ ಒಯ್ದೆ. ಅವರು ಎರಡು ದಿನ ಇಟ್ಟುಕೊಂಡು ಹಿಂದಿರುಗಿಸಿದರು. ಹಾಳೆಯ ಬದಿಯಲ್ಲಿ ಪೆನ್ಸಿಲಿನಿಂದ ಒಂದೇ ಮಾತು: ‘ಮೂಲೆಯಲ್ಲಿ?’

ನಾನು ಮೂಲೆಯನ್ನು ಮರೆತಿದ್ದೆ! ಎಡಕ್ಕೆ ಓಡುತ್ತ ಬಂದ ಬೆಕ್ಕು ಮೂಲೆಯ ಬಳಿಗೆ ಬಂದಾಗ ಮೇಲಿನ ಅಂಚಿನಲ್ಲೊಂದು ಬಾಗಿಲು, ಎಡದ ಅಂಚಿನಲ್ಲಿ ಕನಿಷ್ಠ ಇನ್ನೊಂದು. ಕಟ್ಟಿದ ಗೋಡೆಯೆಲ್ಲ ವ್ಯರ್ಥ. ಅಂದರೆ ಮೂಲೆಯ ಬಳಿ ಕಲ್ಲು ಮೊದಲೇ ಬಿದ್ದಿರಬೇಕು. ಅದನ್ನು ಯಾವಾಗ ಇಡುವುದು? ಇಲ್ಲಿ ಲೆಕ್ಕ ನಮಗೆ ಅನುಕೂಲವಾಗಿದೆ. ಮೊದಲ ಸರದಿ ನಮ್ಮದು. ಬೆಕ್ಕು ಆರನೆಯ ಸಾಲಿನಿಂದ ನೇರವಾಗಿ ಮೂರನೆಯ ಸಾಲಿಗೆ ಬರುವಷ್ಟರಲ್ಲಿ ನಾವು ಮೂರು ಕಲ್ಲು ಇಟ್ಟಾಗಿರುತ್ತದೆ. ಖದ ಮೇಲೆ ಬೀಳಬೇಕಾದದ್ದು ನಾಲ್ಕನೆಯದು. ಆ ಮೊದಲ ಮೂರು ಕಲ್ಲುಗಳನ್ನು ನಾನು ಬೆಕ್ಕಿನ ಕಾಲಬುಡದಲ್ಲಿ ಚೆಲ್ಲುತ್ತಿದ್ದೆ. ಅವು ಸೇರಬೇಕಾದದ್ದು ದೂರದ ಅಂಚಿಗೆ, ಮೂಲೆಗಳ ಕಡೆಗೆ. ಆರಂಭದಲ್ಲಿ ಪುಕ್ಕಟೆಯಾಗಿ ಬಿದ್ದಿರುವ ಕಲ್ಲು ಅಂಚಿನಲ್ಲಿದ್ದರೆ ಇನ್ನೂ ಲಾಭ: ಬೆಕ್ಕು ಅದರ ಕೆಳಗೆ ಬಂದಾಗ ನಮಗೆ ಒಂದು ಸರದಿ ಉಳಿಯುತ್ತದೆ, ಅದನ್ನು ಮುಂದಿನ ಮೂಲೆಗೆ ಖರ್ಚು ಮಾಡಬಹುದು. ಆ ವಾರ ಮೊದಲ ಸಲ ಬೆಕ್ಕು ಸಿಕ್ಕಿಬಿದ್ದಿತು.

‘ಇದು ಗಣಿತವೇ ಕಣಯ್ಯಾ, ಓದಿ ನೋಡು’ ಎಂದು ಮೇಷ್ಟ್ರು ಒಂದು ಹೆಸರನ್ನು ಬರೆದುಕೊಟ್ಟರು: ಜಾನ್ ಕಾನ್‌ವೇ. ಈ ಇಂಗ್ಲಿಷ್ ಗಣಿತಜ್ಞ 2020ರಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಬರ್ಲೆಕ್ಯಾಂಪ್ ಮತ್ತು ರಿಚರ್ಡ್ ಗೈ ಅವರೊಡನೆ 1982ರಲ್ಲಿ ಅವರು ಪ್ರಕಟಿಸಿದ ‘ವಿನ್ನಿಂಗ್ ವೇಸ್’ ಗ್ರಂಥದಲ್ಲಿ ನಮ್ಮ ಬೆಕ್ಕಿನ ಹಿರಿಯಣ್ಣನಿದ್ದಾನೆ. ಅವನೊಬ್ಬ ದೇವದೂತ, ಎದುರಾಳಿ ಒಬ್ಬ ಪಿಶಾಚಿ. ಕೊನೆಯೇ ಇಲ್ಲದ ಚದುರಂಗದ ಹಾಸಿನಲ್ಲಿ ಪಿಶಾಚಿ ಸರದಿಗೊಂದು ಮನೆಯನ್ನು ನುಂಗುತ್ತಾನೆ. ದೂತನು ಚದುರಂಗದ ರಾಜನಂತೆ ನಡೆಯುತ್ತಾನೆ, ಆದರೆ ಒಂದು ಸರದಿಗೆ ಗೊತ್ತಾದಷ್ಟು ಹೆಜ್ಜೆಗಳವರೆಗೆ ಹಾರಬಲ್ಲ. ನುಂಗಿದ ಮನೆಗಳನ್ನು ದಾಟಿಯೂ ಹಾರಬಲ್ಲ. ಅವನನ್ನು ಎಂದಾದರೂ ಕಟ್ಟಿಹಾಕಬಹುದೇ?

ಒಂದೇ ಹೆಜ್ಜೆಯ ದೂತನನ್ನು ಕಟ್ಟಬಹುದೆಂಬುದು ಮೊದಲೇ ತಿಳಿದಿತ್ತು. 32ಕ್ಕೆ 33 ಮನೆಗಳ ಹಾಸಿದ್ದರೆ ಸಾಕು, ರಾಜನು ಅಂಚು ಮುಟ್ಟಲಾರ ಎಂದು ಬರ್ಲೆಕ್ಯಾಂಪ್ ತೋರಿಸಿದ್ದರು. ಎರಡು ಹೆಜ್ಜೆಯವನ ಗತಿ? ಕಾನ್‌ವೇ 1996ರಲ್ಲಿ ಬಹುಮಾನ ಸಾರಿದರು: ಸಾಕಷ್ಟು ಬಲವುಳ್ಳ ದೂತನು ತಪ್ಪಿಸಿಕೊಳ್ಳುವನೆಂದು ಸಾಧಿಸಿದರೆ 100 ಡಾಲರ್; ಎಷ್ಟೇ ಬಲವಿದ್ದರೂ ಪಿಶಾಚಿ ಗೆಲ್ಲುವನೆಂದು ಸಾಧಿಸಿದರೆ 1000. ಹತ್ತು ವರ್ಷದ ಬಳಿಕ, 2006ರಲ್ಲಿ, ಬೌಡಿಚ್, ಗಾಚ್, ಕ್ಲೋಸ್ಟರ್, ಮಾಟೆ ಎಂಬ ನಾಲ್ವರು ಬೇರೆ ಬೇರೆಯಾಗಿ ಉತ್ತರ ತಂದರು. ಎರಡು ಹೆಜ್ಜೆ ಸಾಕು, ದೂತನು ಎಂದೆಂದಿಗೂ ಸಿಗುವುದಿಲ್ಲವೆಂದು ಕ್ಲೋಸ್ಟರ್ ಮತ್ತು ಮಾಟೆ ಸಾಧಿಸಿದರು.

ಈ ಪೈಕಿ ಆಂದ್ರಾಶ್ ಮಾಟೆ ಹಂಗೆರಿಯವರು. ಅವರು ಒಬ್ಬ ‘ಒಳ್ಳೆಯ ಪಿಶಾಚಿ’ಯನ್ನು ಕಲ್ಪಿಸುತ್ತಾರೆ. ದೂತನು ಹಿಂದಿನ ಯಾವುದಾದರೂ ಸರದಿಯಲ್ಲಿ ಹೋಗಬಹುದಾಗಿದ್ದ ಮನೆಯನ್ನು ಇವನು ನುಂಗುವುದಿಲ್ಲ. ಇಂಥ ಸಭ್ಯನಿಂದ ತಪ್ಪಿಸಿಕೊಳ್ಳಬಲ್ಲ ದೂತನಿದ್ದರೆ ದುಷ್ಟನೂ ಅವನನ್ನು ಹಿಡಿಯಲಾರನೆಂದು ಅವರು ತೋರಿಸಿದರು. ಎಂದರೆ ಆ ಮನೆಗಳನ್ನು ನುಂಗುವುದರಿಂದ ಪಿಶಾಚಿಗೆ ಸಿಗುವ ಹೆಚ್ಚಿನ ಲಾಭವೇನೂ ಇಲ್ಲ.

ಇದನ್ನು ಗ್ರಂಥಾಲಯದ ಗಣಕಯಂತ್ರದಲ್ಲಿ ಓದಿ ನೋಟುಪುಸ್ತಕ ತೆರೆದೆ. ಮೂಲೆಯ ಪಾಠವಾದ ದಿನ ನಾನೇ ಬರೆದಿದ್ದ ಸಾಲು ಅಲ್ಲಿತ್ತು: ‘ಬೆಕ್ಕು ಆಗಲೇ ಹೋಗಬಹುದಾಗಿದ್ದು ಬಿಟ್ಟುಬಂದ ಕಡೆ ಕಲ್ಲಿಟ್ಟರೆ ದಂಡ.’ ನನ್ನದು ಒಂದು ಬೆಕ್ಕನ್ನು ಕಂಡು ಮಾಡಿದ ಊಹೆ, ಅವರದು ಎಲ್ಲ ಕಾಲಕ್ಕೂ ನಿಲ್ಲುವ ಸಾಧನೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಡುವ ಉದ್ಧಟತನ ನನಗಿಲ್ಲ. ಆದರೂ ಆ ಸಾಲನ್ನು ಮತ್ತೆ ಮತ್ತೆ ಓದುತ್ತ ಕುಳಿತು ಐದೂವರೆಯ ಬಸ್ಸು ತಪ್ಪಿತು. ಮನೆ ಸೇರಿದಾಗ ಕತ್ತಲಾಗಿತ್ತು.

‘ಇಷ್ಟೊತ್ತು ಎಲ್ಲಿದ್ದೆ? ಬೆಕ್ಕು ಸಿಕ್ತೇನ್ಲಾ?’ ಎಂದಳು ಅವ್ವ.

‘ಸಿಕ್ತು ಕಣವ್ವ, ತೋರಿಸ್ತೀನಿ ಬಾ’ ಎಂದು ಮೊಬೈಲನ್ನು ತೆಗೆದೆ. ಅವಳು ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕುಳಿತಳು.