ತಂದೆಯ ಕಂಚು, ಮಗನ ಕಂಚು

ಗೋವೆಯ ಕಥೋಲಿಕ ಮನೆತನದ ಡಾ. ವೇಸ್ ಪೇಸ್, 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ಭಾರತ ಹಾಕಿ ತಂಡದ ಆಟಗಾರರು. ಪತ್ನಿ ಜೆನ್ನಿಫರ್ ಬಾಸ್ಕೆಟ್‌ಬಾಲಿನಲ್ಲಿ ದೇಶವನ್ನು ಪ್ರತಿನಿಧಿಸಿದವರು. ಈ ದಂಪತಿಗೆ 1973ರಲ್ಲಿ ಕಲ್ಕತ್ತೆಯಲ್ಲಿ ಜನಿಸಿದ ಮಗನೇ ಲಿಯಾಂಡರ್. 1990ರಲ್ಲಿ ಕಿರಿಯರ ವಿಂಬಲ್ಡನ್ ಪ್ರಶಸ್ತಿ ಆತನದಾಯಿತು.

ಆದರೆ ನಾವು ಮತ್ತೆ ಮತ್ತೆ ನೆನೆಯುವುದು 1996ರ ಅಟ್ಲಾಂಟಾವನ್ನು. ಸ್ವೀಡನ್ನಿನ ಥಾಮಸ್ ಎನ್‌ಕ್ವಿಸ್ಟ್‌ರಂತಹ ಬಲಾಢ್ಯರನ್ನು ಸೋಲಿಸಿ ಉಪಾಂತ್ಯಕ್ಕೇರಿದ ಲಿಯಾಂಡರ್, ಅಲ್ಲಿ ಆಂಡ್ರೆ ಅಗಾಸಿಗೆ 6-7, 3-6ರಿಂದ ಮಣಿದರು. ಅದೇ ಪಂದ್ಯದಲ್ಲಿ ಮಣಿಕಟ್ಟಿಗೂ ಪೆಟ್ಟಾಯಿತು. ಹಿಂದಿನ ಎರಡು ಒಲಿಂಪಿಕ್ಸ್‌ಗಳಲ್ಲಾದರೆ ಉಪಾಂತ್ಯದಲ್ಲಿ ಸೋತ ಇಬ್ಬರಿಗೂ ಕಂಚು ದೊರೆಯುತ್ತಿತ್ತು; ಈ ಸಲ ಅದಕ್ಕಾಗಿ ಇನ್ನೊಂದು ಪಂದ್ಯ ಆಡಲೇಬೇಕಿತ್ತು! ಬ್ರೆಜಿಲ್‌ನ ಫರ್ನಾಂಡೊ ಮೆಲಿಜೆನಿ ಎದುರು ಮೊದಲ ಸೆಟ್ 3-6ರಿಂದ ಕೈತಪ್ಪಿತು. ನೋವಿನ ಕೈಯಲ್ಲೇ ಹೋರಾಡಿ ಮುಂದಿನವೆರಡನ್ನು 6-2, 6-4ರಿಂದ ಗೆದ್ದರು. 1952ರಲ್ಲಿ ಕುಸ್ತಿಪಟು ಕೆ.ಡಿ. ಜಾಧವ್ ಕಂಚು ತಂದ ಬಳಿಕ ಭಾರತಕ್ಕೆ ಲಭಿಸಿದ ಮೊದಲ ವೈಯಕ್ತಿಕ ಪದಕವದು. ಪೇಸ್ ಮನೆಯಲ್ಲಿ ಮಾತ್ರ ಎರಡನೆಯದು.

ತರುವಾಯದ ಕೀರ್ತಿಯೆಲ್ಲ ಜೋಡಿಯಾಟದ್ದು: ಪುರುಷರ ಡಬಲ್ಸಿನಲ್ಲಿ 8, ಮಿಶ್ರ ಡಬಲ್ಸಿನಲ್ಲಿ 10 ಗ್ರ್ಯಾನ್‌ಸ್ಲಾಮ್ ಪ್ರಶಸ್ತಿಗಳು. 1999ರಲ್ಲಿ ಮಹೇಶ್ ಭೂಪತಿಯೊಂದಿಗೆ ಫ್ರೆಂಚ್ ಓಪನ್, ವಿಂಬಲ್ಡನ್ ಎರಡನ್ನೂ ಗೆದ್ದರು. ಆ ಜೋಡಿ ಮುರಿದುದು ನಮಗೆ ಇಂದಿಗೂ ಖೇದದ ಸಂಗತಿ. 1992ರಿಂದ 2016ರವರೆಗೆ ಸತತ ಏಳು ಒಲಿಂಪಿಕ್ಸ್‌ಗಳಲ್ಲಿ ಆಡಿದರೂ ಲಿಯಾಂಡರ್‌ಗೆ ಮತ್ತೊಂದು ಪದಕ ದಕ್ಕಲಿಲ್ಲ.

2024ರಲ್ಲಿ ಅಂತಾರಾಷ್ಟ್ರೀಯ ಟೆನಿಸ್ ಹಾಲ್ ಆಫ್ ಫೇಮ್ ಅವರನ್ನು ಬರಮಾಡಿಕೊಂಡಿತು. ಮಗನ ಈ ಗೌರವವನ್ನೂ ಕಂಡ ಡಾ. ವೇಸ್ 2025ರ ಆಗಸ್ಟಿನಲ್ಲಿ ಕೋಲ್ಕತ್ತದಲ್ಲಿ ನಿಧನರಾದರು. ಅವರ ಆತ್ಮಕ್ಕೆ ನಿತ್ಯವಿಶ್ರಾಂತಿಯನ್ನು ಬೇಡುತ್ತೇವೆ.