‘ವಾಡ’ ಹುಡುಕಿದರೆ ಮೂರು ಊರು ಮಾಯ!

ನಮ್ಮ ಶಿರೋಳ ತಾಲೂಕಿನ ನಾಲ್ಕು ಊರುಗಳ ಹೆಸರನ್ನು ಒಂದರ ಕೆಳಗೊಂದು ಬರೆಯಿರಿ: ಕುರುಂದವಾಡ, ಹೇರವಾಡ, ದತ್ತವಾಡ, ನೃಸಿಂಹವಾಡಿ. ಇವುಗಳಲ್ಲಿ ‘ವಾಡ’ ಇಲ್ಲವೆ ‘ವಾಡಿ’ ಎಂದು ಮುಗಿಯುವ ಊರು ಎಷ್ಟು? ‘ನಾಲ್ಕೂ ಸರ್’ ಅಂತ ನೀವು ಥಟ್ಟನೆ ಹೇಳ್ತೀರಿ. ಕಂಪ್ಯೂಟರ್ ಮಾತ್ರ ಒಮ್ಮೊಮ್ಮೆ ‘ಒಂದೇ’ ಅನ್ನಬಹುದು. ತಪ್ಪಾಗಿದೆ ಎಂಬ ಸೂಚನೆಯನ್ನೂ ಕೊಡುವುದಿಲ್ಲ!

ಯಾಕೆ ಹೀಗೆ? ಬರಹದಲ್ಲಿ ಏನನ್ನಾದರೂ ಹುಡುಕಲು ಕಂಪ್ಯೂಟರಿಗೆ ನಾವು ಒಂದು ನಮೂನೆ ಕೊಡುತ್ತೇವೆ. ಇದಕ್ಕೆ ರೆಗ್ಯುಲರ್ ಎಕ್ಸ್‌ಪ್ರೆಶನ್, ಚಿಕ್ಕದಾಗಿ ರೆಗೆಕ್ಸ್ ಎನ್ನುತ್ತಾರೆ. ಇದರ ಮೂಲ ಇರುವುದು 1950ರ ದಶಕದಲ್ಲಿ ಸ್ಟೀಫನ್ ಕ್ಲೀನಿ ಎಂಬ ಗಣಿತಜ್ಞರು ನರಕೋಶಗಳ ಜಾಲದ ಬಗ್ಗೆ ಮಾಡಿದ ವಿಚಾರದಲ್ಲಿ. ಜೀವಶಾಸ್ತ್ರ ಎಲ್ಲಿಂದ ಎಲ್ಲಿಗೆ ಬಂತು ನೋಡ್ರಿ! ನಮ್ಮ ಊರುಗಳಿಗೆ ಬೇಕಾದ ನಮೂನೆ ಇದು: ವಾಡಿ?$ ಇದರಲ್ಲಿ $ ಎಂದರೆ ಸಾಲಿನ ಕೊನೆ. ? ಎಂದರೆ ‘ನನ್ನ ಹಿಂದಿನದು ಇದ್ದರೂ ಸರಿ, ಇಲ್ಲದಿದ್ದರೂ ಸರಿ’.

‘ನನ್ನ ಹಿಂದಿನದು’ ಅಂದರೆ ಯಾವುದು? ನಿಮ್ಮ ಕಣ್ಣಿಗೆ ‘ಡಿ’ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಎರಡು ಸಂಕೇತ: ಡ, ಅದರ ಮೇಲೆ ಗುಡಿಸು. ಆದ್ದರಿಂದ ? ಗುಡಿಸಿಗೆ ಮಾತ್ರ ಅಂಟಿಕೊಳ್ಳುತ್ತದೆ. ‘ಗುಡಿಸು ಇದ್ದರೆ ವಾಡಿ, ಇಲ್ಲದಿದ್ದರೆ ವಾಡ’ ಎಂದಾಯಿತು. ನಾಲ್ಕೂ ಊರು ಸಿಕ್ಕವು. ಚಂದ ಅಲ್ಲವೇ?

ಆದರೆ ಕಂಪ್ಯೂಟರ್ ಈ ಸಂಕೇತಗಳನ್ನು ಇಡುವುದು ಬೈಟ್‌ಗಳಲ್ಲಿ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. (1968ರಲ್ಲಿ ರೆಗೆಕ್ಸ್ ಹುಡುಕಾಟವನ್ನು ಕಂಪ್ಯೂಟರಿಗೆ ಕಲಿಸುವ ವಿಧಾನ ಪ್ರಕಟಿಸಿದವರೂ ಇದೇ ಥಾಂಪ್ಸನ್.) ‘ಕುರುಂದವಾಡ’ ಓದುವಾಗ 5 ಅಕ್ಷರ, ಸಂಕೇತ 9, ಬೈಟ್ 27. ಗುಡಿಸಿನ ಮೂರು ಬೈಟ್‌ಗಳು 224, 178, 191.

ಈಗ ಒಂದು ರೆಗೆಕ್ಸ್ ಯಂತ್ರಕ್ಕೆ ಯುಟಿಎಫ್-8 ತಿಳಿಯದು, ಅದು ಒಂದು ಬೈಟ್ ಅಂದರೆ ಒಂದು ಅಕ್ಷರ ಎಂದು ನಂಬಿದೆ ಅಂತ ತಿಳಿಯಿರಿ. ಆಗ ? ಅಂಟುವುದು 191ಕ್ಕೆ ಮಾತ್ರ. 224, 178 ಕಡ್ಡಾಯವಾಗಿ ಇರಲೇಬೇಕು. ಕುರುಂದವಾಡದಲ್ಲಿ ಡ ಆದ ಮೇಲೆ ಸಾಲೇ ಮುಗಿದುಹೋಯಿತು, ಆ ಎರಡು ಬೈಟ್ ಎಲ್ಲಿಂದ ಬರಬೇಕು? ಹೇರವಾಡ, ದತ್ತವಾಡಗಳದ್ದೂ ಅದೇ ಗತಿ. ಉಳಿದದ್ದು ನೃಸಿಂಹವಾಡಿ ಒಂದೇ! ಊರಿನ ಬದಲು ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ನಿಮ್ಮ ಹೆಸರು ಹುಡುಕುತ್ತಿದ್ದರೆ ಏನಾಗುತ್ತಿತ್ತು, ನೀವೇ ಯೋಚಿಸಿ.

ರೆಗೆಕ್ಸ್ ಯಂತ್ರ ಎಲ್ಲ ಕಂಪ್ಯೂಟರುಗಳಲ್ಲಿ ಒಂದೇ ಥರ ಇರುವುದಿಲ್ಲ. ಒಂದರಲ್ಲಿ ಹೊಸದು, ಇನ್ನೊಂದರಲ್ಲಿ ಹಳೆಯದು, ಮತ್ತೊಂದರಲ್ಲಿ ಇಲ್ಲವೇ ಇಲ್ಲ. ಅದಕ್ಕೇ ಗ್ರೆಪ್, ಸೆಡ್‌ನಂಥ ಮುಕ್ತ ತಂತ್ರಾಂಶಗಳನ್ನು ಮೂಲಸಂಕೇತದಿಂದ ಕಟ್ಟುವಾಗ ಮೊದಲು ‘ಕಾನ್ಫಿಗರ್’ ಎಂಬ ಕಡತ ಓಡುತ್ತದೆ. ತೆರೆಯ ಮೇಲೆ ‘ಚೆಕಿಂಗ್… ಯೆಸ್’, ‘ಚೆಕಿಂಗ್… ನೋ’ ಎಂದು ಸಾಲುಸಾಲಾಗಿ ಬರುತ್ತವಲ್ಲ, ಅದೇ. ಬಹಳ ಮಂದಿ ಆ ಸಾಲುಗಳನ್ನು ನೋಡುವುದೇ ಇಲ್ಲ. ನನಗೆ ಮಾತ್ರ ಅದು ಪ್ರಯೋಗಶಾಲೆಯ ಹಾಗೆ ಕಾಣುತ್ತದೆ. ಯಾಕಂದ್ರೆ ಕಾನ್ಫಿಗರ್ ‘ನಿನ್ನ ಹತ್ತಿರ ರೆಗೆಕ್ಸ್ ಇದೆಯಾ?’ ಎಂದು ಕೇಳಿ ಸುಮ್ಮನಾಗುವುದಿಲ್ಲ. ತಾನೇ ಪುಟ್ಟದೊಂದು ಸಿ ಪ್ರೋಗ್ರಾಂ ಬರೆದು, ಅದನ್ನು ಅಲ್ಲೇ ಕಂಪೈಲ್ ಮಾಡಿ, ಓಡಿಸಿ, ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗಳನ್ನು ರೆಗೆಕ್ಸ್ ಯಂತ್ರಕ್ಕೆ ಹಾಕುತ್ತದೆ. ಯಂತ್ರ ಎಲ್ಲಾದರೂ ಸುತ್ತುತ್ತಲೇ ಉಳಿದೀತೆಂದು 2 ಸೆಕೆಂಡಿನ ಅಲಾರಂ ಬೇರೆ!

ಆ ಪ್ರಶ್ನೆಗಳಲ್ಲಿ ಒಂದು ನಮಗೆ ಬಹಳ ಹತ್ತಿರದ್ದು. 2013ರಲ್ಲಿ ಲಿನಕ್ಸ್‌ನ ಗ್ನೂ ಸಿ ಲೈಬ್ರರಿಯ ರೆಗೆಕ್ಸ್‌ನಲ್ಲಿ ಒಂದು ದೋಷ ಪತ್ತೆಯಾಯಿತು. ಬಹುಬೈಟ್ ಅಕ್ಷರಗಳ ಕೆಲವು ಸಾಲುಗಳನ್ನು ಕೊಟ್ಟರೆ ಅದು ತನ್ನ ಜಾಗ ಮೀರಿ ಸ್ಮೃತಿಯಲ್ಲಿ ಬರೆದು ಪ್ರೋಗ್ರಾಂ ಕುಸಿಯುತ್ತಿತ್ತು. ಅದನ್ನು ಹಿಡಿಯುವ ಪರೀಕ್ಷೆಯಲ್ಲಿರುವುದು ಬರ್ಮೀಸ್ ಲಿಪಿ. ಎಂಟು ಬರ್ಮೀಸ್ ಸಂಕೇತಗಳು, ಕೊನೆಗೆ ಇಂಗ್ಲಿಷಿನ ‘ಎಕ್ಸ್’. ಪ್ರಶ್ನೆ: ‘ಎಕ್ಸ್ ಅಲ್ಲದ ಒಂದು ಅಕ್ಷರ, ಅದರ ಬೆನ್ನಿಗೇ ಎಕ್ಸ್, ಇದು ಎಲ್ಲಿದೆ?’ ಬರ್ಮೀಸ್ ಸಂಕೇತಕ್ಕೂ ನಮ್ಮ ಕನ್ನಡದ ಹಾಗೆ 3 ಬೈಟ್. ಎಂಟನೆಯ ಸಂಕೇತದ ಹಿಂದೆ ಏಳು ಇವೆ, 7 × 3 = 21. ಸೊನ್ನೆಯಿಂದ ಎಣಿಸಿದರೆ 21ನೇ ಬೈಟ್‌ನಲ್ಲಿ ಸಿಗಬೇಕು. ಮಗ್ಗಿ ಬಂದರೆ ಸಾಕು, ಕಾನ್ಫಿಗರ್‌ನ ಪ್ರಶ್ನೆಪತ್ರಿಕೆಯನ್ನು ನೀವೂ ಬಿಡಿಸಬಹುದು.

ಇಂಥ ಪರೀಕ್ಷೆಗಳಲ್ಲಿ ಒಂದು ತಪ್ಪಿದರೂ ಉತ್ತರ ‘ನೋ’. ಆಗ ಗ್ರೆಪ್ ಕಂಪ್ಯೂಟರಿನ ರೆಗೆಕ್ಸ್ ಬಿಟ್ಟು, ತನ್ನ ಮೂಟೆಯಲ್ಲೇ ತಂದ ಪ್ರತಿಯನ್ನು ಸೇರಿಸಿಕೊಂಡು ಕಟ್ಟಿಕೊಳ್ಳುತ್ತದೆ. ಬೇರೆ ಊರಿಗೆ ಹೋಗುವಾಗ ಬುತ್ತಿ ಕಟ್ಟಿಕೊಂಡು ಹೋದ ಹಾಗೆ. ಒಂದು ಕಂಪ್ಯೂಟರಿನಲ್ಲಿ ಕೂತು ಬೇರೆ ಬಗೆಯ ಕಂಪ್ಯೂಟರಿಗಾಗಿ ತಂತ್ರಾಂಶ ಕಟ್ಟುವಾಗ ಮಾತ್ರ ತೊಡಕು. ಪರೀಕ್ಷೆಯನ್ನು ಅಲ್ಲಿ ಓಡಿಸಲು ಬರುವುದಿಲ್ಲ, ಆದ್ದರಿಂದ ಕಾನ್ಫಿಗರ್ ಊಹಿಸಿಯೇ ಉತ್ತರ ಬರೆದುಕೊಳ್ಳಬೇಕು.

ಈಗ ನಿಮಗೊಂದು ಕೆಲಸ. ‘ಇಚಲಕರಂಜಿ’ ಓದುವಾಗ ಎಷ್ಟು ಅಕ್ಷರ, ಎಷ್ಟು ಸಂಕೇತ, ಎಷ್ಟು ಬೈಟ್? ಸೊನ್ನೆಯನ್ನೂ (ಅನುಸ್ವಾರ) ಗುಡಿಸನ್ನೂ ಮರೆಯಬೇಡಿ. ಉತ್ತರ 6, 8, 24 ಬಂದರೆ ಸರಿ. ಆಮೇಲೆ ನಿಮ್ಮ ಹೆಸರನ್ನು ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ಎಣಿಸಿ. ದೇವನಾಗರಿಯ ಸಂಕೇತಕ್ಕೂ 3 ಬೈಟೇ.